ಚುಟು ಚುಟು ಹಾಡಿಗೆ ಕುಣಿದರೆ ಚಳವಳಿ ಕೆಡುತ್ತಾ?



ಸ್ವಲ್ಪ ಉದ್ದದ ಬರಹ. ಪುರುಸೊತ್ತಲ್ಲಿ ಓದಿ, ಆಮೇಲೆ ಬೈಯೋದಿದ್ರೆ ಬೈಯಿರಿ.

ಏಪ್ರಿಲ್ 14 ಹತ್ತಿರ ಬಂತು ಅಂದ್ರೆ ನಮ್ಮ ದಿಬ್ಬೂರಹಳ್ಳಿ ಕಡೆಯ ಎಲ್ಲ ಗ್ರೂಪುಗಳಲ್ಲೂ ಒಂದೇ ಜಗಳ. ಬಾಬಾಸಾಹೇಬರ ಮೆರವಣಿಗೇಲಿ ಡಿಜೆ ಇರಬೇಕಾ, ಬೇಡವಾ? ಹಿರಿಯರದ್ದು ಬೇಡ ಅಂತ ವಾದ, ಹುಡುಗರದ್ದು ಡಿಜೆ ಇಲ್ಲದಿದ್ರೆ ನಾವೇ ಬರಲ್ಲ ಅಂತ ಹಠ. ಈ ಜಗಳದಲ್ಲಿ ಪ್ರತಿ ಸಲ ಬೈಗುಳ ತಿನ್ನೋದು ಒಂದು ಹಾಡು. "ಅಂಬೇಡ್ಕರ್ ಫೋಟೋ ಮುಂದೆ ಚುಟು ಚುಟು ಹಾಕ್ಕೊಂಡು ಕುಣೀತಾವ್ರಲ್ಲ, ಇವಕ್ಕೆ ಮಾನ ಮರ್ಯಾದೆ ಐತಾ?" ಅಂತ.

ನಾನು ಆ ಹಾಡಿನ ಪರವಾಗಿ ಒಂದಷ್ಟು ಮಾತಾಡ್ತೀನಿ. ಅದರ ಹಿಂದೆ ನಮ್ಮದೇ ಒಂದು ಲೆಕ್ಕ ಬಾಕಿ ಇದೆ, ಅದನ್ನೂ ಹೇಳ್ತೀನಿ.

ಮೊದಲು ಹಾಡು ಯಾರದ್ದು ಅಂತ ನೋಡೋಣ. 2018ರ ಮೇ ತಿಂಗಳಲ್ಲಿ ಬಂದ 'ರ‍್ಯಾಂಬೋ 2' ಸಿನಿಮಾದ್ದು. ನಿರ್ದೇಶನ ಅನಿಲ್ ಕುಮಾರ್, ಸಂಗೀತ ಅರ್ಜುನ್ ಜನ್ಯ, ಬರೆದವರು ಶಿವು ಬೇರ್ಗಿ, ಹಾಡಿದವರು ರವೀಂದ್ರ ಸೊರಗಾವಿ ಮತ್ತು ಶಮಿತಾ ಮಲ್ನಾಡ್. ತೆರೆ ಮೇಲೆ ಕುಣಿದವರು ಶರಣ್ ಮತ್ತು ಆಶಿಕಾ ರಂಗನಾಥ್. ಯೂಟ್ಯೂಬಲ್ಲಿ 10 ಕೋಟಿ ಸಲ ನೋಡಿಸಿಕೊಂಡ ಮೊದಮೊದಲ ಕನ್ನಡ ಹಾಡುಗಳಲ್ಲಿ ಇದೂ ಒಂದು. 10 ಕೋಟಿ ಅಂದ್ರೆ ಕರ್ನಾಟಕದ ಜನಸಂಖ್ಯೆಗಿಂತ ಜಾಸ್ತಿ ಕಣ್ರಪ್ಪ. ಆ ಸಿನಿಮಾದ ಕಥೆ ಏನು ಅಂತ ಕೇಳಿದ್ರೆ ಎಷ್ಟೋ ಜನಕ್ಕೆ ನೆನಪಿಲ್ಲ. ಹಾಡು ಮಾತ್ರ ಶಾಲೆ ವಾರ್ಷಿಕೋತ್ಸವದಿಂದ ಗಣೇಶನ ಪೆಂಡಾಲಿನವರೆಗೂ ಹೋಯ್ತು.

ಯಾಕೆ ಹೋಯ್ತು? ದೊಡ್ಡ ರಹಸ್ಯ ಏನಿಲ್ಲ. ಎರಡೇ ಅಕ್ಷರದ ಒಂದು ಮಾತು, ಅದನ್ನೇ ಮತ್ತೆ ಮತ್ತೆ ಹೇಳೋದು. ಮೈಯಲ್ಲಿ ಏನೋ ಆಗ್ತೈತೆ ಅನ್ನೋದಕ್ಕೆ ನಮ್ಮ ಜನ ನಿಘಂಟು ತೆಗೆದು ಪದ ಹುಡುಕಲ್ಲ, ಸದ್ದಿನಲ್ಲೇ ಹೇಳಿಬಿಡ್ತಾರೆ. ಚುರುಕ್ ಅಂತು, ಝುಮ್ ಅಂತು, ಧಗ್ ಅಂತು. ಶಿವು ಬೇರ್ಗಿ ಹಿಡಿದಿರೋದು ಆ ಸದ್ದನ್ನ. ಆಮೇಲೆ ಹಾಡಲ್ಲಿ ಗಂಡು ಒಬ್ಬನೇ ಬೊಗಳೆ ಬಿಡಲ್ಲ, ಹೆಣ್ಣು ಅಷ್ಟೇ ಜೋರಾಗಿ ವಾಪಸ್ಸು ಕೊಡ್ತಾಳೆ. ಮದುವೆ ಮನೇಲಿ ಗಂಡಿನ ಕಡೆಯವರು, ಹೆಣ್ಣಿನ ಕಡೆಯವರು ಎದುರುಬದುರು ನಿಂತು ಹಾಡಲ್ಲೇ ಕಾಲೆಳೀತಿದ್ರಲ್ಲ, ಅದೇ ಆಟ. ನಮ್ಮ ಅಜ್ಜಿಯರು ಆ ಪದಗಳಲ್ಲಿ ಆಡ್ತಿದ್ದ ಪೋಲಿ ಮಾತು ಕೇಳಿದ್ರೆ ಈ ಸಿನಿಮಾ ಹಾಡು ಭಜನೆ ಥರ ಇದೆ ಅನ್ನಿಸುತ್ತೆ.

ಅದಕ್ಕಿಂತ ಮುಖ್ಯ ನನಗೆ ಅದರ ಭಾಷೆ. ಹಾಡಿರೋದು ಉತ್ತರ ಕರ್ನಾಟಕದ ಆಡುಮಾತಲ್ಲಿ. ಕನ್ನಡ ಸಿನಿಮಾ ಬಹಳ ಕಾಲ ಆ ಮಾತನ್ನ ಯಾರಿಗೆ ಕೊಟ್ಟಿತ್ತು? ಮನೆಯಾಳಿಗೆ, ಪೆದ್ದನಿಗೆ, ಹೀರೋ ಪಕ್ಕದಲ್ಲಿ ಒದೆ ತಿನ್ನೋ ಕಾಮಿಡಿಯವನಿಗೆ. ಹೀರೋ ಯಾವ ಊರಲ್ಲೇ ಹುಟ್ಟಿರಲಿ, ಪ್ರೀತಿ ಹೇಳುವಾಗ ಪುಸ್ತಕದ ಕನ್ನಡಕ್ಕೆ ಬರಬೇಕಿತ್ತು. ಇಲ್ಲಿ ಅದು ತಿರುಗಿತು. ಶರಣ್ ಕೂಡ ವರ್ಷಗಟ್ಟಲೆ ಹಾಸ್ಯದ ಪಾತ್ರ ಮಾಡ್ತಾ ಬಂದು 2012ರ 'ರ‍್ಯಾಂಬೋ'ದಲ್ಲಿ ಹೀರೋ ಆದವರು. ನಗೆಪಾಟಲಿನ ಭಾಷೆ, ನಗಿಸೋ ನಟ, ಎರಡೂ ನಡುಮಧ್ಯಕ್ಕೆ ಬಂದು ನಿಂತವು. ಮಾತಿನ ಕಾರಣಕ್ಕೆ ನಗೆಪಾಟಲಾದವರಿಗೆ ಇದರ ಬೆಲೆ ಗೊತ್ತು. ನಮ್ಮ ಶಿಡ್ಲಘಟ್ಟ, ಚಿಂತಾಮಣಿ ಕಡೆಯೋರು ಅರ್ಧ ತೆಲುಗು ಅರ್ಧ ಕನ್ನಡ ಮಾತಾಡ್ತೀವಿ. ಬೆಂಗಳೂರಿನ ಹಾಸ್ಟೆಲಲ್ಲಿ ನಾನು ಬಾಯಿ ಬಿಟ್ಟ ಕೂಡಲೇ ಎದುರಿಗಿದ್ದವರು ಕೇಳ್ತಿದ್ದಿದ್ದು ಊರು, ಅದರ ಹಿಂದೇನೇ ಬರ್ತಿದ್ದಿದ್ದು ಜಾತಿ.

ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚೋ ಮನೆಗಳಿಗೆ ಹೋಗಿ ನೋಡಿ. ಬಿಸಿನೀರಲ್ಲಿ ಗೂಡು ಬೆಂದ ವಾಸನೆ, ದಿನವಿಡೀ ನೀರಲ್ಲಿ ಕೈಯಿಟ್ಟು ಬಿಳುಚಿಕೊಂಡ ಬೆರಳು. ಅಲ್ಲಿ ಕೆಲಸಕ್ಕಿರೋರು ಹೆಚ್ಚಾಗಿ ನಮ್ಮ ಕೇರಿ ಹೆಣ್ಣುಮಕ್ಕಳು, ಮುಸ್ಲಿಂ ಹೆಣ್ಣುಮಕ್ಕಳು. ಮೋಟಾರಿನ ಸದ್ದಿನ ಮೇಲೆ ಮೊಬೈಲಲ್ಲಿ ಇಂಥ ಹಾಡುಗಳೇ ಕೂಗ್ತಿರ್ತವೆ. ಅವರ ಮುಂದೆ ನಿಂತು "ಇದು ಕೀಳು ಅಭಿರುಚಿ" ಅಂತ ಹೇಳೋ ಧೈರ್ಯ ಯಾವ ಸಂಗಾತಿಗಿದೆ? ನನಗಂತೂ ಇಲ್ಲ.

ಈಗ ಬಾಕಿ ಲೆಕ್ಕಕ್ಕೆ ಬರ್ತೀನಿ.

ಇಂಥ ಹಾಡುಗಳನ್ನ ಕಂಪ್ಯೂಟರಲ್ಲೇ ಕೂಡಿಸಿರಲಿ, ಕೈಯಲ್ಲೇ ಬಾರಿಸಿರಲಿ, ನಮ್ಮ ಕಾಲು ಅದರಲ್ಲಿ ಗುರುತು ಹಿಡಿಯೋದು ಜಾತ್ರೆ ಪೆಟ್ಟನ್ನ. ಆ ಪೆಟ್ಟು ಯಾರದ್ದು? ತಮಟೆ ಚರ್ಮವನ್ನ ಹದ ಮಾಡಿದವರು ಯಾರು, ಹುಲ್ಲಿನ ಬೆಂಕಿಗೆ ಕಾಯಿಸಿ ಸುರುತಿ ಹಿಡಿದವರು ಯಾರು? ನಮ್ಮ ತಾತ ಮುತ್ತಾತಂದಿರು. ಹೆಣ ಎತ್ತುವಾಗ ಅವರೇ ಬಾರಿಸಬೇಕು, ಊರಲ್ಲಿ ಸಾರುವಾಗ ಅವರೇ, ದೇವರ ಮೆರವಣಿಗೆ ಮುಂದೆಯೂ ಅವರೇ. ದೇವರು ಗುಡಿಯೊಳಗೆ ಹೋದಮೇಲೆ ಅವರು ಹೊರಗೆ. ಕೂಲಿ ಅಂದ್ರೆ ಒಂದಿಷ್ಟು ಕಾಳು, ಒಂದು ಪಾವು ಹೆಂಡ. ಬಾರಿಸಲ್ಲ ಅಂದ್ರೆ ಬಹಿಷ್ಕಾರ.

ಅದಕ್ಕೇ ಚಳವಳಿಯೊಳಗೆ "ತಮಟೆ ಬಿಡಿ, ಅದು ಗುಲಾಮಗಿರಿ" ಅನ್ನೋ ಮಾತು ಹುಟ್ಟಿದ್ದು. ಅದು ಸುಮ್ಮನೆ ಹುಟ್ಟಿದ ಮಾತಲ್ಲ, ಅದರ ಹಿಂದೆ ಏಟು ತಿಂದ ಬೆನ್ನುಗಳಿವೆ. ಅದೇ ಚಳವಳಿಯಲ್ಲಿ ಇನ್ನೊಂದು ದಾರಿಯೂ ಇತ್ತು. ನಮ್ಮ ಹಳೇ ಕೋಲಾರ ಜಿಲ್ಲೇಲಿ ಕೋಟಿಗಾನಹಳ್ಳಿ ರಾಮಯ್ಯ ಬರೆದರು, ಪಿಚ್ಚಳ್ಳಿ ಶ್ರೀನಿವಾಸ್ ಹಾಡಿದರು, ತಮಟೆ ಬೀದಿಗೆ ಬಂತು, ಆದರೆ ಊರಗೌಡ ಕರೆದಿದ್ದಕ್ಕಲ್ಲ. ನಮ್ಮದೇ ಶಿಡ್ಲಘಟ್ಟ ತಾಲ್ಲೂಕಿನ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರು ಇಡೀ ಜೀವನ ತಮಟೆ ಬಾರಿಸಿ, ನಾಡೋಜ ಆಗಿ, 2023ರಲ್ಲಿ ಪದ್ಮಶ್ರೀ ತಗೊಂಡ್ರು. ಆ ಸುದ್ದಿ ಬಂದಾಗ ಜಾತಿ ನೋಡದೆ ಎಲ್ಲರೂ ಸ್ಟೇಟಸ್ ಹಾಕಿದರು. ಹಾಕಿದವರಲ್ಲಿ ಎಷ್ಟು ಜನ ತಮ್ಮೂರ ತಮಟೆಯವನನ್ನ ಮನೆಯೊಳಗೆ ಕೂರಿಸಿ ಊಟ ಹಾಕಿದ್ದಾರೋ, ಅವರನ್ನೇ ಕೇಳಬೇಕು.

ಹಿಟ್ ಹಾಡಿನ ವಿಡಿಯೊ ಕೆಳಗಿನ ವಿವರ ತೆಗೆದು ನೋಡಿ. ಹಾಡಿದವರು, ಬರೆದವರು, ಸಂಗೀತ ಕೊಟ್ಟವರು, ಕಂಪನಿ, ರಿಂಗ್‌ಟೋನ್ ಕೋಡ್ ಸಮೇತ ಇರುತ್ತೆ. ತಾಳ ಬಾರಿಸಿದವರ ಹೆಸರು ಸಾಮಾನ್ಯವಾಗಿ ಇರಲ್ಲ. 2012ರ ಕಾಪಿರೈಟ್ ತಿದ್ದುಪಡಿ ಆದಮೇಲೆ ಬರೆದವರಿಗೆ, ರಾಗ ಹಾಕಿದವರಿಗೆ ರಾಯಲ್ಟಿ ಪಾಲನ್ನ ಯಾರೂ ಕಿತ್ಕೊಳ್ಳೋ ಹಾಗಿಲ್ಲ ಅಂತಾಯ್ತು. ಒಳ್ಳೇದೇ. ಬಾರಿಸೋನಿಗೆ ಮಾತ್ರ ಆವತ್ತಿನ ಕೂಲಿ ಆವತ್ತಿಗೆ ಮುಗೀತು. ಹಳ್ಳೀಲಿ ಒಂದು ಪಾವು ಹೆಂಡ ಇದ್ದದ್ದು ಸ್ಟುಡಿಯೋದಲ್ಲಿ ಒಂದು ಕವರ್ ಆಗಿದೆ.

ಹೆಸರಿದ್ದೋರ ಗತಿಯಾದರೂ ನೆಟ್ಟಗಿದೆಯಾ? ತಮಿಳಿನ ಅರಿವು ನೆನಪಿದ್ದಾನಲ್ಲ, 2021ರ 'ಎಂಜಾಯ್ ಎಂಜಾಮಿ'. ಚಹಾ ತೋಟದಲ್ಲಿ ದುಡಿದ ತನ್ನ ಅಜ್ಜಿ ವಲ್ಲಿಯಮ್ಮಾಳ್ ಕಥೆಯನ್ನ ಕುಣಿಯೋ ಹಾಡು ಮಾಡಿದ ಹುಡುಗ. ಅದೇ ವರ್ಷ ರೋಲಿಂಗ್ ಸ್ಟೋನ್ ಇಂಡಿಯಾ ಮುಖಪುಟದಲ್ಲಿ ಹಾಡಿದಾಕೆ ಧೀ ಇದ್ದಳು, ಬರೆದ ಅರಿವು ಇರಲಿಲ್ಲ. ಪಾ. ರಂಜಿತ್ ಕೇಳಿದ ಮೇಲೆ, ಜನ ಬೈದ ಮೇಲೆ ಅವನಿಗೊಂದು ಬೇರೆ ಡಿಜಿಟಲ್ ಮುಖಪುಟ ಬಂತು. ಸಂಗೀತ ಕೊಟ್ಟ ಸಂತೋಷ್ ನಾರಾಯಣನ್ 2024ರಲ್ಲಿ ಹೇಳಿದ್ದು, ಆ ಹಾಡಿನಿಂದ ತಮಗೆ ಒಂದು ಪೈಸೆ ಬಂದಿಲ್ಲ ಅಂತ. ಕೋಟಿಗಟ್ಟಲೆ ಜನ ನೋಡಿದ ಹಾಡು ಅದು.

ಹಾಗಾಗಿ ನನ್ನ ಜಗಳ ಹಾಡಿನ ಜೊತೆಯಲ್ಲ, ಕುಣಿಯೋ ಹುಡುಗರ ಜೊತೆಯೂ ಅಲ್ಲ. ನಮ್ಮ ಸಂಘಟನೆಗಳಲ್ಲಿ ನಗು ಅಂದ್ರೆ ಅನುಮಾನ ಜಾಸ್ತಿ ಆಗಿದೆ, ಅದರ ಜೊತೆ ನನ್ನ ಜಗಳ. ಸಭೆ ಅಂದ್ರೆ ಮುಖ ಗಂಟಿಕ್ಕಿರಬೇಕು, ಹಾಡು ಅಂದ್ರೆ ಮುಷ್ಟಿ ಬಿಗಿದಿರಬೇಕು. 1975ರ 'ಹೊಲೆ ಮಾದಿಗರ ಹಾಡು' ಬರೆದ ಸಿದ್ದಲಿಂಗಯ್ಯನವರನ್ನ ನಾವು ಬೆಂಕಿ ಕವಿ ಅಂತಲೇ ಫ್ಲೆಕ್ಸ್ ಹಾಕ್ತೀವಿ. ಅದೇ ಸಿದ್ದಲಿಂಗಯ್ಯ 'ಊರುಕೇರಿ'ಯಲ್ಲಿ ಹಸಿವು, ಅವಮಾನ ಎಲ್ಲ ಹೇಳಿ ಓದೋರನ್ನ ಬಿದ್ದುಬಿದ್ದು ನಗಿಸಿಬಿಟ್ರು. ಬಡವರ ನಗುವೇ ಒಂದು ಶಕ್ತಿ ಅಂತ ಡಿ.ಆರ್. ನಾಗರಾಜ್ ಗುರುತು ಹಿಡಿದದ್ದು ಆ ಪುಸ್ತಕ ಓದಿಯೇ. ಪುಟ್ಟಣ್ಣ ಕಣಗಾಲರ 'ಧರಣಿ ಮಂಡಲ ಮಧ್ಯದೊಳಗೆ' ಸಿನಿಮಾಕ್ಕೆ ಪ್ರೇಮಗೀತೆ ಬರೆದವರೂ ಅವರೇ. ಅವರಿಗಿಲ್ಲದ ಮಡಿ ನಮಗ್ಯಾಕೆ?

ಪಂಜಾಬಿನ ಗಿನ್ನಿ ಮಾಹಿಯನ್ನ ನೋಡಿ. ಜಾತಿ ಕೇಳಿದ ಸಹಪಾಠಿಗೆ ಚಮಾರ್ ಅಂತ ಹೇಳಿದಾಗ, "ಅಯ್ಯೋ, ಅವರು ಡೇಂಜರ್" ಅನ್ನೋ ಮಾತು ವಾಪಸ್ಸು ಬಂತಂತೆ. ಆ ಮಾತನ್ನೇ ಎತ್ಕೊಂಡು 'ಡೇಂಜರ್ ಚಮಾರ್' ಅಂತ ಹಾಡಿಬಿಟ್ಟಳು. ಬೈಗುಳವನ್ನ ಬಿರುದು ಮಾಡ್ಕೊಂಡು ಕುಣಿದಳು. ಎಫ್‌ಐಆರ್ ಒಂದು ಕಡೆ ಇರಲಿ, ಅದೂ ಬೇಕು. ಆದರೆ ಬೈದವನ ಮುಖ ಸಪ್ಪಗಾಗೋದು ಇಂಥ ಹಾಡಿಂದ.

ಹಿರಿಯರ ಮಾತಲ್ಲಿ ನಿಜ ಇಲ್ಲ ಅಂತ ನಾನು ಹೇಳ್ತಿಲ್ಲ. ಡಿಜೆ ಸದ್ದಿಗೆ ವಯಸ್ಸಾದವರು, ಬಾಣಂತಿಯರು ಕಷ್ಟಪಡ್ತಾರೆ. ರಾತ್ರಿ 10ರ ಮೇಲೆ ಧ್ವನಿವರ್ಧಕ ಹಾಕಬಾರದು ಅನ್ನೋ ನಿಯಮ ಎಲ್ಲರಿಗೂ ಒಂದೇ ಇದ್ದರೂ, ಪೊಲೀಸರಿಗೆ ಅದು ನೆನಪಾಗೋದು ನಮ್ಮ ಮೆರವಣಿಗೆ ದಿನವೇ. ಕುಡಿದು ಕುಣಿಯೋದೂ ಇದೆ, ಹೆಣ್ಣುಮಕ್ಕಳು ದೂರ ಸರಿದು ನಿಲ್ಲೋದೂ ಇದೆ. ಅದನ್ನ ಹಾಡಿನ ತಲೆ ಮೇಲೆ ಹಾಕಬೇಡಿ. ಅದು ನಮ್ಮ ಶಿಸ್ತಿನ ಪ್ರಶ್ನೆ, ಸಭೇಲಿ ಮುಖಾಮುಖಿ ಕೂತು ಮಾತಾಡಬೇಕಾದ್ದು.

ಡಿಜೆ ವಿಷಯದಲ್ಲಿ ನನಗೆ ನೋವಾಗೋದು ಇನ್ನೊಂದು ಕಡೆ. ಡಿಜೆಗೆ ಅಡ್ವಾನ್ಸ್ ಕೊಡ್ತೀವಿ, ಜನರೇಟರಿಗೆ ಬೇರೆ, ಟ್ರ್ಯಾಕ್ಟರಿಗೆ ಬೇರೆ. ನಮ್ಮದೇ ಕೇರಿಯ ತಮಟೆ ತಂಡಕ್ಕೆ ಮಾತ್ರ "ನಮ್ಮೋರೇ ತಾನೇ, ಬಾರಿಸಿ ಹೋಗ್ರಪ್ಪ" ಅಂತೀವಿ. ಗೌಡ ಮಾಡಿಸಿಕೊಂಡರೆ ಬಿಟ್ಟಿ ಚಾಕರಿ, ನಾವು ಮಾಡಿಸಿಕೊಂಡರೆ ಸಮಾಜಸೇವೆಯಾ? ನನಗೆ ಗೊತ್ತಿರೋ ಒಂದು ತಂಡದಲ್ಲಿ ಎಂಟು ಜನ ಇದ್ರು, ಈಗ ಮೂರು ಜನ. ಉಳಿದವರು ಗಾರೆ ಕೆಲಸಕ್ಕೆ, ಹೂವಿನ ತೋಟಕ್ಕೆ ಹೋದರು. ಇರೋ ಮೂರು ಜನವೂ ಚರ್ಮ ಬಿಟ್ಟು ಫೈಬರ್ ಹಾಕಿಸಿದ್ದಾರೆ, ಬೆಂಕಿಗೆ ಕಾಯಿಸೋ ಕೆಲಸ ಉಳೀತದೆ ಅಂತ. ಅವರಲ್ಲಿ ಚಿಕ್ಕೋನು ಸಿನಿಮಾ ಹಾಡನ್ನೆಲ್ಲ ತಮಟೇಲಿ ಬಾರಿಸ್ತಾನೆ. ಚುಟು ಚುಟು ಹಿಡಿದನೆಂದರೆ ಸ್ಪೀಕರ್ ಬೇಕಾಗಿಲ್ಲ, ಹಣ್ಣು ಮುದುಕರ ಭುಜವೂ ತಾನಾಗೇ ಅಲ್ಲಾಡ್ತದೆ.

ನಮ್ಮ ಸಭೇಲಿ ನಾನು ಕೇಳೋದು ಇಷ್ಟು. ಮೆರವಣಿಗೆ ಮುಂದೆ ತಮಟೆ ತಂಡ ಇರಲಿ, ಡಿಜೆಗೆ ಕೊಡೋ ಹಾಗೆ ಮೊದಲೇ ಅಡ್ವಾನ್ಸ್ ಕೊಟ್ಟು, ಕರಪತ್ರದಲ್ಲಿ ಅತಿಥಿಗಳ ಸಾಲಲ್ಲೇ ಅವರ ಹೆಸರು ಹಾಕಿಸಿ. ಹುಡುಗರು ಕೇಳಿದ ಹಾಡು ಅವರೇ ಬಾರಿಸ್ತಾರೆ, ಕುಣೀಲಿ ಬಿಡಿ. ಪದ ಕಟ್ಟೋ ಹುಡುಗ ಹುಡುಗೀರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ತಾಲ್ಲೂಕು ಆಫೀಸಿನ ಅಲೆದಾಟದ ಮೇಲೆ, ಬಾಡಿಗೆ ಮನೆ ಕೇಳಿದಾಗ ಸುತ್ತಿ ಬಳಸಿ ಜಾತಿ ವಿಚಾರಿಸೋ ಓನರ್ ಆಂಟಿ ಮೇಲೆ, ನಮ್ಮ ತೆಲುಗು ಬೆರೆತ ಕನ್ನಡದಲ್ಲೇ ಒಂದು ತಮಾಷೆ ಹಾಡು ಬರೀಲಿ. ಓನರ್ ಆಂಟಿ ಮೇಲೆ ಒಬ್ಬ ಹುಡುಗಿ ಆಗಲೇ ನಾಲ್ಕು ಸಾಲು ಕಟ್ಟಿದ್ದಾಳೆ. ನಾನು ಕೇಳಿದೀನಿ, ಬಸ್ಸಲ್ಲಿ ಒಬ್ಬನೇ ನಕ್ಕು ಪಕ್ಕದವರ ಹತ್ರ ಬೈಸಿಕೊಂಡೆ. ಐದನೇ ಸಾಲು ಅವಳಿಗೆ ಇನ್ನೂ ಕೂತಿಲ್ಲ. ನಿಮಗೂ ಹಿಂಗೆ ಮನೆ ಕೇಳಿದ ಅನುಭವ ಇದ್ದರೆ ಕಾಮೆಂಟಲ್ಲಿ ಹಾಕಿ, ಅವಳಿಗೆ ಕಳಿಸ್ತೀನಿ. ತಮಟೆ ತಂಡದವರ ನಂಬರು ಬೇಕಾದವರು ಇನ್‌ಬಾಕ್ಸಿಗೆ ಬನ್ನಿ.

ಜೈಭೀಮ್.