ಅರ್ನಬ್‌ರಿಗೆ ಸಿಕ್ಕ ನ್ಯಾಯ, ಅರ್ನಬ್ ಕೊಡದ ನ್ಯಾಯ

ರಾತ್ರಿಯ ಟಿ.ವಿ. ಚರ್ಚೆಯನ್ನು ನ್ಯಾಯಾಲಯವಾಗಿ ಮಾರ್ಪಡಿಸಿದವರ ಪೈಕಿ ಅರ್ನಬ್ ಗೋಸ್ವಾಮಿಯವರಿಗೆ ಅಗ್ರಸ್ಥಾನ ಸಲ್ಲಬೇಕು. ಅಲ್ಲಿ ದೂರುದಾರರೂ ಅವರೇ, ವಕೀಲರೂ ಅವರೇ, ತೀರ್ಪು ನೀಡುವವರೂ ಅವರೇ. ಆರೋಪ ಹೊತ್ತವರಿಗೆ ಪರದೆಯ ಮೂಲೆಯಲ್ಲೊಂದು ಚೌಕ ದೊರೆತರೆ ಅದೇ ಪುಣ್ಯ!

1973ರಲ್ಲಿ ಗುವಾಹಟಿಯಲ್ಲಿ ಜನಿಸಿದ ಅರ್ನಬ್‌ರ ತಾಯಿಯ ತಂದೆ ಕಮ್ಯುನಿಸ್ಟ್ ನಾಯಕರು, ತಂದೆಯ ತಂದೆ ಕಾಂಗ್ರೆಸಿಗರು. ಸೇನಾಧಿಕಾರಿಯಾಗಿದ್ದ ತಂದೆ 1998ರಲ್ಲಿ ಬಿಜೆಪಿಯಿಂದ ಲೋಕಸಭೆಗೆ ಸ್ಪರ್ಧಿಸಿದ್ದರು. ಅವರು ಕಲಿತದ್ದು ದೆಹಲಿಯಲ್ಲಿ ಸಮಾಜಶಾಸ್ತ್ರ, ಆಕ್ಸ್‌ಫರ್ಡ್‌ನಲ್ಲಿ ಸಾಮಾಜಿಕ ಮಾನವಶಾಸ್ತ್ರ. ಭಿನ್ನಾಭಿಪ್ರಾಯವನ್ನು ಆಲಿಸಲು ಇದಕ್ಕಿಂತ ಮಿಗಿಲಾದ ತರಬೇತಿ ಯಾರಿಗಿದೆ? ಎನ್‌ಡಿಟಿವಿಯಿಂದ 2006ರಲ್ಲಿ ಟೈಮ್ಸ್ ನೌಗೆ ಬಂದ ಅವರು, 2017ರ ಮೇ ತಿಂಗಳಲ್ಲಿ ರಿಪಬ್ಲಿಕ್ ಟಿ.ವಿ. ಆರಂಭಿಸಿದರು. ಆರಂಭದಲ್ಲಿ ಅದಕ್ಕೆ ಬಂಡವಾಳ ಹೂಡಿದವರಲ್ಲಿ ಆಗ ಕರ್ನಾಟಕದಿಂದ ರಾಜ್ಯಸಭಾ ಸದಸ್ಯರಾಗಿದ್ದ ರಾಜೀವ್ ಚಂದ್ರಶೇಖರ್ ಕೂಡ ಒಬ್ಬರು.

ಬಲಪಂಥೀಯ ವಿಚಾರ ಹೊಂದಿರುವುದು ಅಪರಾಧವಲ್ಲ. ಸೇನೆ, ರಾಷ್ಟ್ರೀಯತೆ, ಸಮಾನ ನಾಗರಿಕ ಸಂಹಿತೆಗಳ ಬಗ್ಗೆ ಅವರಿಗೆ ಅವರದೇ ನಿಲುವಿರಲಿ. ನಮ್ಮ ಆಕ್ಷೇಪವಿರುವುದು ವಿಚಾರಣೆಗೆ ಮುನ್ನವೇ ಶಿಕ್ಷೆ ವಿಧಿಸುವ ಆ ರೀತಿಗೆ. ನಟ ಸುಶಾಂತ್ ಸಿಂಗ್ ರಜಪೂತ್‌ರ ಸಾವಿನ ಪ್ರಕರಣದಲ್ಲಿ ರಿಯಾ ಚಕ್ರವರ್ತಿ 2020ರಲ್ಲಿ ತಿಂಗಳುಗಟ್ಟಲೆ ಪರದೆಯ ಮೇಲೆ ಅಪರಾಧಿಯಾಗಿದ್ದರು. 2025ರ ಮಾರ್ಚ್‌ನಲ್ಲಿ ಸಿಬಿಐ ಆ ಪ್ರಕರಣದ ಮುಕ್ತಾಯ ವರದಿ ಸಲ್ಲಿಸಿತು. ಆ ಹೆಣ್ಣುಮಗಳ ಐದು ವರ್ಷಗಳನ್ನು ಯಾವ ನಿರೂಪಕ ಹಿಂದಿರುಗಿಸುತ್ತಾನೆ?

ಕೊರೋನಾ ಕಾಲದ ತಬ್ಲೀಗ್ ಪ್ರಕರಣವನ್ನಂತೂ ನಮ್ಮ ಓದುಗರು ಮರೆತಿರಲಾರರು. ಇಲ್ಲಿ ಅರ್ನಬ್ ಒಬ್ಬರೇ ಅಲ್ಲ, ವಾಹಿನಿಗಳ ಒಂದು ದಂಡೇ ಇತ್ತು. ವಿದೇಶಿ ತಬ್ಲೀಗಿಗಳ ಮೇಲಿನ ಪ್ರಕರಣಗಳನ್ನು ಆಗಸ್ಟ್ 2020ರಲ್ಲಿ ರದ್ದುಪಡಿಸಿದ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠವು, ಅವರನ್ನು ಬಲಿಪಶುಗಳನ್ನಾಗಿ ಮಾಡಲಾಯಿತೆಂದೂ ಮಾಧ್ಯಮಗಳಲ್ಲಿ ಭಾರೀ ಅಪಪ್ರಚಾರ ನಡೆಯಿತೆಂದೂ ಹೇಳಿತು. ಅಷ್ಟರಲ್ಲಾಗಲೇ ಮಂಗಳೂರು ಸಮೀಪದ ಕೋಲ್ಯದಲ್ಲಿ ಮುಸ್ಲಿಮ್ ವ್ಯಾಪಾರಿಗಳಿಗೆ ಪ್ರವೇಶವಿಲ್ಲವೆಂಬ ಭಿತ್ತಿಪತ್ರ ಕಾಣಿಸಿಕೊಂಡಿತ್ತು. ಫರಂಗಿಪೇಟೆ, ಬಂಟ್ವಾಳ, ಮೂಡುಬಿದಿರೆಗಳಲ್ಲಿ ಬೈಕಿನ ಹಿಂದೆ ಪೆಟ್ಟಿಗೆ ಕಟ್ಟಿ ಮನೆ ಮನೆಗೆ ಮೀನು ಮಾರುವವರಿಗೆ ಅಂತಹ ಒಂದು ಹಾಳೆಯ ಅರ್ಥವೇನೆಂದು ಸ್ಟುಡಿಯೋಗಳಲ್ಲಿ ಕುಳಿತವರಿಗೆ ತಿಳಿದಿರಲಿಕ್ಕಿಲ್ಲ.

ಅದೇ ವರ್ಷದ ನವೆಂಬರ್ 4ರಂದು, 2018ರ ಆತ್ಮಹತ್ಯೆ ಪ್ರಕರಣವೊಂದರಲ್ಲಿ ಮಹಾರಾಷ್ಟ್ರ ಪೊಲೀಸರು ಅರ್ನಬ್‌ರನ್ನು ಬಂಧಿಸಿದರು. ಆರೋಪವನ್ನು ಅವರು ನಿರಾಕರಿಸಿದರು. ಒಮ್ಮೆ ಮುಚ್ಚಿದ್ದ ಕಡತವನ್ನು ಸರಕಾರ ಬದಲಾದ ಮೇಲೆ ತೆರೆದದ್ದು ಸಂಶಯಾಸ್ಪದವೇ ಆಗಿತ್ತು. ಎಂಟನೆಯ ದಿನ ಸುಪ್ರೀಮ್ ಕೋರ್ಟ್ ಮಧ್ಯಂತರ ಜಾಮೀನು ನೀಡಿತು. ಒಂದೇ ಒಂದು ದಿನದ ಸ್ವಾತಂತ್ರ್ಯ ಹರಣವೂ ಹೆಚ್ಚೇ ಎಂದು ಬಳಿಕದ ತೀರ್ಪಿನಲ್ಲಿ ಹೇಳಿತು. ನಾವಿದನ್ನು ಮನಃಪೂರ್ವಕ ಒಪ್ಪುತ್ತೇವೆ. ಆದರೆ ಅದಕ್ಕೆ ಒಂದು ತಿಂಗಳು ಮೊದಲು ಹಾಥರಸ್‌ಗೆ ಹೊರಟಿದ್ದ ಕೇರಳದ ಪತ್ರಕರ್ತ ಸಿದ್ದೀಕ್ ಕಪ್ಪನ್ ಜೈಲಿನಿಂದ ಹೊರಬಂದದ್ದು 2023ರ ಫೆಬ್ರವರಿ 2ರಂದು, ಸುಮಾರು ಇಪ್ಪತ್ತೆಂಟು ತಿಂಗಳ ಬಳಿಕ. ಕಾನೂನಿನ ಕಲಮುಗಳು ಬೇರೆಯಿದ್ದವು, ನಿಜ. ದಿನಗಳೂ ಬೇರೆಯೇ?

ಇನ್ನು ನಮ್ಮವರ ಮಾತು. ಅರ್ನಬ್ ಬಿಟ್ಟುಬಂದ ಟೈಮ್ಸ್ ನೌ ವಾಹಿನಿಯ ಚರ್ಚೆಯೊಂದರಲ್ಲಿ 2022ರ ಮೇ ತಿಂಗಳಲ್ಲಿ ಪ್ರವಾದಿಯವರ(ಸ) ನಿಂದನೆ ನಡೆದ ಬಳಿಕ, ಇಂತಹ ಚರ್ಚೆಗಳಿಗೆ ಹೋಗಬೇಡಿರೆಂದು ಅಖಿಲ ಭಾರತ ಮುಸ್ಲಿಮ್ ವೈಯಕ್ತಿಕ ಕಾನೂನು ಮಂಡಳಿಯು ಉಲಮಾಗಳನ್ನೂ ವಿದ್ವಾಂಸರನ್ನೂ ಕೋರಿತು. ಆದರೂ ಕುರ್ಚಿ ಖಾಲಿಯಾಗಲಿಲ್ಲ. ಬೈಗುಳ ತಿನ್ನಲೆಂದೇ ಕರೆಸಿಕೊಂಡಿದ್ದಾರೆಂದು ಗೊತ್ತಿದ್ದೂ ಟೋಪಿ ಧರಿಸಿ ಅಲ್ಲಿ ಕೂರುವವರನ್ನು ಸಮುದಾಯದ ಪ್ರತಿನಿಧಿಯಾಗಿ ಕಳುಹಿಸಿದವರಾರು? ನಮ್ಮೂರಿನ ವೇದಿಕೆಗಳಿಗೆ ಅವರನ್ನು ಆಹ್ವಾನಿಸುವ ಮೊದಲು ಜಮಾಅತ್‌ಗಳು ಈ ಪ್ರಶ್ನೆಯನ್ನು ಕೇಳಲಿ.