ಸ್ಥೂಲಕಾಯವೂ ನಮ್ಮ ಬಾಲಕಿಯರ ಆಟದ ವೇಳೆಯೂ



ಇಂಥ ಸಂಚಿಕೆಗಳಲ್ಲಿ ಮುಖ್ಯೋಪಾಧ್ಯಾಯಿನಿಯು ಪರೀಕ್ಷೆಯ ಫಲಿತಾಂಶಗಳನ್ನೂ ಕಟ್ಟಡದ ನಿಧಿಯನ್ನೂ ಕುರಿತು ಬರೆಯುವುದು ವಾಡಿಕೆ. ಅವೆರಡೂ ವಾರ್ಷಿಕ ವರದಿಯಲ್ಲಿ ಬರುವುದರಿಂದ, ಇಲ್ಲಿ ಬೇರೊಂದು ವಿಷಯವನ್ನು ಪ್ರಸ್ತಾಪಿಸಲು ಅಪ್ಪಣೆ ಬೇಡುತ್ತೇನೆ. ಹತ್ತನೆಯ ತರಗತಿಯ ಬಾಲಕಿಯರ ಪೋಷಕರಲ್ಲಿ ಕೆಲವರು, ವ್ಯಾಯಾಮದ ಪೀರಿಯಡ್ಡನ್ನು ಈ ವರ್ಷದ ಮಟ್ಟಿಗೆ ಗಣಿತಕ್ಕೂ ವಿಜ್ಞಾನಕ್ಕೂ ಬಿಟ್ಟುಕೊಡಬೇಕೆಂದು ಲಿಖಿತವಾಗಿ ಕೇಳಿಕೊಂಡಿದ್ದಾರೆ. ಅದೇ ಪೋಷಕರಲ್ಲಿ ಇಬ್ಬರು ಮೂವರು ಮತ್ತೊಂದು ದಿನ ಬಂದು, ಮಗಳು ದಪ್ಪಗಾಗುತ್ತಿದ್ದಾಳೆ, ಬೊಜ್ಜು ಬೆಳೆದವರ ಮಿದುಳು ಕುಗ್ಗುವುದಂತೆ, ಶಾಲೆಯವರು ಅವಳಿಗೆ ನಾಲ್ಕು ಬುದ್ಧಿಮಾತು ಹೇಳಬೇಕು ಎಂದು ದುಗುಡಪಟ್ಟರು. ಈ ಎರಡು ಬೇಡಿಕೆಗಳೂ ಒಂದಕ್ಕೊಂದು ವಿರುದ್ಧವಾದವೆಂಬುದು ಅವರಿಗೆ ತೋರಿದಂತೆ ಕಾಣಲಿಲ್ಲ. ಅವರಿಗೆ ಎದುರಿನಲ್ಲಿ ಹೇಳಿದುದನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ.

ಮಿದುಳು ಕುಗ್ಗುವುದೆಂಬ ವಾರ್ತೆ ಆಧಾರವಿಲ್ಲದ್ದಲ್ಲ. ಇಂಗ್ಲೆಂಡಿನ ಲಫ್‌ಬರೋ ವಿಶ್ವವಿದ್ಯಾನಿಲಯದ ಮಾರ್ಕ್ ಹ್ಯಾಮರ್ ಎಂಬ ವಿದ್ವಾಂಸರೂ ಅವರ ಸಹೋದ್ಯೋಗಿಯೂ ೨೦೧೯ರಲ್ಲಿ ಪ್ರಕಟಿಸಿದ ಪರಿಶೋಧನೆಯಲ್ಲಿ, ೯,೬೫೨ ಮಂದಿ ಬ್ರಿಟಿಷ್ ಸ್ತ್ರೀಪುರುಷರ ಮಿದುಳಿನ ಅಳತೆಗಳನ್ನು ಅವರ ಮೈತೂಕದೊಡನೆ ಹೋಲಿಸಿ ನೋಡಲಾಗಿತ್ತು. ಇವರ ಸರಾಸರಿ ವಯಸ್ಸು ಸುಮಾರು ೫೫. ತೂಕವು ಮಿತಿಯಲ್ಲಿದ್ದವರ ಮಿದುಳಿನಲ್ಲಿ ಬೂದುಬಣ್ಣದ ಭಾಗವು, ಅಂದರೆ ಆಲೋಚನೆಗೂ ನೆನಪಿಗೂ ಬೇಕಾದ ನರಕೋಶಗಳು ನೆರೆದಿರುವ ಭಾಗವು, ಸರಾಸರಿ ೭೯೮ ಘನ ಸೆಂಟಿಮೀಟರಿನಷ್ಟಿತ್ತು. ಮೈತೂಕವೂ ಸೊಂಟದ ಬೊಜ್ಜೂ ಎರಡೂ ಮಿತಿಮೀರಿದವರಲ್ಲಿ ಅದು ೭೮೬. ತೂಕ ಹೆಚ್ಚಿದ್ದರೂ ಸೊಂಟದ ಸುತ್ತ ಬೊಜ್ಜು ಅಷ್ಟಾಗಿ ಸೇರದಿದ್ದವರಲ್ಲಿ ೭೯೩. ಅಮೆರಿಕದಲ್ಲಿ ಒಂಬತ್ತು ಹತ್ತು ವರ್ಷದ ಮೂರು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಪರೀಕ್ಷಿಸಿದವರಿಗೂ, ತೂಕ ಹೆಚ್ಚಾದಂತೆ ಮಿದುಳಿನ ಹೊರಪದರವು, ವಿಶೇಷವಾಗಿ ಹಣೆಯ ಹಿಂದಿರುವ ಭಾಗದಲ್ಲಿ, ಕೊಂಚ ತೆಳುವಾಗಿರುವುದು ಕಂಡುಬಂದಿತು.

ಇದಕ್ಕೆ ಕಾರಣಗಳೂ ಊಹಾತೀತವಲ್ಲ. ಬೊಜ್ಜೆಂಬುದು ಚೀಲದಲ್ಲಿ ತುಂಬಿಟ್ಟ ಧಾನ್ಯದಂತೆ ಸುಮ್ಮನೆ ಬಿದ್ದಿರುವ ವಸ್ತುವಲ್ಲ. ಅದು ನಾನಾ ರಸಗಳನ್ನು ರಕ್ತಕ್ಕೆ ಬಿಡುವ ಒಂದು ಅಂಗವೇ ಸರಿ. ಹಸಿವು ತಣಿದುದನ್ನು ಮಿದುಳಿಗೆ ತಿಳಿಸುವ ಲೆಪ್ಟಿನ್ ಎಂಬ ರಸವು ಬೊಜ್ಜಿನಿಂದಲೇ ಹೊರಡುವುದೆಂದು ೧೯೯೪ರಲ್ಲಿ ಗೊತ್ತಾಯಿತು. ಬೊಜ್ಜು ಅತಿಯಾದಾಗ ಮೈಯಲ್ಲಿ ಸಣ್ಣಗೆ ಉರಿಯೂತವು ನಿಲ್ಲುತ್ತದೆ, ಇನ್ಸುಲಿನ್ನಿನ ಕೆಲಸ ಮಂದವಾಗುತ್ತದೆ, ರಕ್ತದ ಒತ್ತಡ ಏರುತ್ತದೆ. ಮಿದುಳಿನ ಸೂಕ್ಷ್ಮ ರಕ್ತನಾಳಗಳಿಗೆ ಇವು ಮೂರೂ ಹಿತವಲ್ಲ.

ಆದರೆ ಲೆಕ್ಕವನ್ನು ಓದುವವರು ಪೂರ್ತಿಯಾಗಿ ಓದಬೇಕು. ೭೯೮ಕ್ಕೂ ೭೮೬ಕ್ಕೂ ಇರುವ ಅಂತರವು ೧೨ ಘನ ಸೆಂಟಿಮೀಟರು, ಎಂದರೆ ಎರಡೂವರೆ ಚಹಾ ಚಮಚೆಯಷ್ಟು. ಅದು ಐವತ್ತು ದಾಟಿದ ಸಹಸ್ರಾರು ಜನರ ಸರಾಸರಿಯೇ ಹೊರತು, ನಮ್ಮ ಎಂಟನೆಯ ತರಗತಿಯ ಯಾವ ಹುಡುಗಿಯ ತಲೆಯೊಳಗಿನ ಅಳತೆಯೂ ಅಲ್ಲ. ಬೊಜ್ಜಿನಿಂದ ಮಿದುಳು ಬದಲಾಯಿತೋ, ಮಿದುಳಿನ ಬೆಳವಣಿಗೆಯ ಭೇದದಿಂದ ಹಸಿವಿನ ಹಿಡಿತ ತಪ್ಪಿತೋ, ಇಲ್ಲವೇ ಎರಡಕ್ಕೂ ಬಡತನ, ನಿದ್ರಾಹೀನತೆ ಮೊದಲಾದ ಮೂರನೆಯ ಕಾರಣವಿದೆಯೋ, ಒಂದು ಸಲ ಅಳೆದ ಅಳತೆಯಿಂದ ನಿರ್ಣಯಿಸಲಾಗುವುದಿಲ್ಲ.

ನಮ್ಮ ಸೀಮೆಗೆ ಸಮೀಪವಾದ ಒಂದು ಪರಿಶೋಧನೆಯನ್ನು ಪೋಷಕರು ಅವಶ್ಯವಾಗಿ ತಿಳಿಯಬೇಕು. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನು ಹಾಸನದ ಹಿರಿಯರು ಮಿಷನ್ ಆಸ್ಪತ್ರೆಯೆಂದೇ ಬಲ್ಲರು. ಅಲ್ಲಿ ೧೯೩೪ರಿಂದ ಮೊದಲುಗೊಂಡು, ಹುಟ್ಟಿದ ಶಿಶುಗಳ ತೂಕವನ್ನೂ ಉದ್ದವನ್ನೂ ತಲೆಯ ಸುತ್ತಳತೆಯನ್ನೂ ಪುಸ್ತಕದಲ್ಲಿ ಬರೆದಿಟ್ಟರು. ಆ ಪುಸ್ತಕಗಳನ್ನು ಯಾರೂ ರದ್ದಿಗೆ ಹಾಕಲಿಲ್ಲವಾದ್ದರಿಂದ, ಅರ್ಧ ಶತಮಾನದ ತರುವಾಯ ಆ ಶಿಶುಗಳನ್ನೇ ವಯಸ್ಕರಾಗಿ ಹುಡುಕಿ ಪರೀಕ್ಷಿಸುವುದು ಸಾಧ್ಯವಾಯಿತು. ಅಚ್ಚುಕಟ್ಟಾಗಿ ದಾಖಲೆ ಬರೆಯುವ ದಾದಿಯರ ಮತ್ತು ಗುಮಾಸ್ತರ ಸೇವೆ ಎಂಥದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಅದೇ ಆಸ್ಪತ್ರೆಯಲ್ಲಿ ೧೯೯೭–೯೮ರಲ್ಲಿ ಗರ್ಭಿಣಿಯರನ್ನು ಸೇರಿಸಿಕೊಂಡು, ಅವರ ಮಕ್ಕಳನ್ನು ವರ್ಷವರ್ಷವೂ ನೋಡುತ್ತ ಬಂದರು. ಮಕ್ಕಳಿಗೆ ಒಂಬತ್ತು ಹತ್ತು ವರ್ಷವಾದಾಗ ೫೪೦ ಮಂದಿಗೆ ಕಲಿಕೆ, ನೆನಪು, ತರ್ಕ, ಮಾತಿನ ಶಕ್ತಿ ಮೊದಲಾದವುಗಳ ಪರೀಕ್ಷೆ ನಡೆಯಿತು.

೨೦೧೪ರಲ್ಲಿ ಹೊರಬಂದ ಫಲಿತಾಂಶವು ಪಾಶ್ಚಾತ್ಯರದಕ್ಕೆ ವಿರುದ್ಧವಾಗಿತ್ತು. ಮೈಯಲ್ಲಿ ಸ್ವಲ್ಪ ಹೆಚ್ಚು ಮಾಂಸ ಮೇದಸ್ಸು ಇದ್ದ ಮಕ್ಕಳೇ ಹೆಚ್ಚು ಅಂಕ ಪಡೆದರು! ಕಾರಣವನ್ನು ಹುಡುಕಿ ದೂರ ಹೋಗಬೇಕಾಗಿಲ್ಲ. ಆ ಮಕ್ಕಳಲ್ಲಿ ನೂರಕ್ಕೆ ೨೭ ಮಂದಿ ಕಡಿಮೆ ತೂಕದವರು. ತೂಕ ಮೀರಿದವರು ಮೂರೂವರೆ ಮಾತ್ರ. ಅಲ್ಲಿ ಪುಷ್ಟಿಯೆಂದರೆ ಹೊಟ್ಟೆ ತುಂಬ ಊಟ ದೊರೆತ ಗುರುತು. ದಾನಿಯೇಲನೂ ಅವನ ಗೆಳೆಯರೂ ಹತ್ತು ದಿನ ಕಾಯಿಪಲ್ಯವನ್ನು ತಿಂದು, ಅರಮನೆಯ ಭೋಜನ ಮಾಡಿದವರಿಗಿಂತ ಪುಷ್ಟರಾಗಿ ತೋರಿದ ವೃತ್ತಾಂತವನ್ನು ನಮ್ಮ ಬಾಲಕಿಯರು ಬಲ್ಲರು. ಅಲ್ಲಿಯೂ ಮೈತುಂಬಿಕೊಂಡಿರುವುದು ಕ್ಷೇಮದ ಲಕ್ಷಣವೇ. ದಪ್ಪಗಿದ್ದಾಳೆಂಬ ಮಾತ್ರಕ್ಕೆ ಮಗಳನ್ನು ಮಂದಬುದ್ಧಿಯವಳೆಂದು ಎಣಿಸುವ ತಾಯಿತಂದೆಗಳು ಮೈಸೂರಿನ ಆ ೫೪೦ ಮಕ್ಕಳನ್ನು ನೆನೆಯಬೇಕು.

ಹಾಗಾದರೆ ಬೊಜ್ಜಿನ ಚಿಂತೆಯೇ ಬೇಡವೇ? ಬೇಕು. ಆ ಮಕ್ಕಳು ಶಾಲೆಗೆ ಸೇರಿದ ಕಾಲಕ್ಕೂ ಇಂದಿಗೂ ನಾಡು ಬದಲಾಗಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹೆಂಗಸರಲ್ಲಿ ತೂಕ ಮೀರಿದವರು ೨೦೧೫–೧೬ರಲ್ಲಿ ನೂರಕ್ಕೆ ೨೩.೩ ಇದ್ದುದು ೨೦೧೯–೨೧ರಲ್ಲಿ ೩೦.೧ ಆಯಿತು. ಇದೇ ಸಮೀಕ್ಷೆಯಲ್ಲಿ ನಮ್ಮ ಹೆಂಗಸರಲ್ಲಿ ನೂರಕ್ಕೆ ೪೭.೮ ಮಂದಿಗೆ ರಕ್ತಹೀನತೆಯಿತ್ತು. ಬೊಜ್ಜೂ ರಕ್ತಹೀನತೆಯೂ ಒಂದೇ ಮನೆಯಲ್ಲಿ, ಎಷ್ಟೋ ಸಲ ಒಂದೇ ಮೈಯಲ್ಲಿ, ವಾಸವಾಗಿವೆ. ಮಗಳು ತೆಳ್ಳಗಾಗಲೆಂದು ಬೆಳಗಿನ ಊಟವನ್ನು ತಪ್ಪಿಸುವ ಮನೆಗಳಿಗೆ ಇದು ಎಚ್ಚರಿಕೆ. ಖಾಲಿ ಹೊಟ್ಟೆಯಲ್ಲಿ ಬಂದ ಹುಡುಗಿ ಹನ್ನೊಂದು ಗಂಟೆಗೆ ತಲೆನೋವೆಂದು ಮೇಜಿನ ಮೇಲೆ ತಲೆಯಿಡುತ್ತಾಳೆ. ನಾಲ್ಕೂವರೆಗೆ ಬಸ್ ನಿಲ್ದಾಣದ ಬಳಿಯ ಬೇಕರಿಯಲ್ಲಿ ಪಫ್ಸನ್ನೂ ಕೇಕನ್ನೂ ತಿಂದು ಬೆಳಗಿನ ಲೆಕ್ಕವನ್ನು ಬಡ್ಡಿಸಹಿತ ತೀರಿಸುತ್ತಾಳೆ. (ಬೇಕರಿಯ ವಿದ್ಯೆಯನ್ನು ಬೆಂಗಳೂರಿಗೆ ಕೊಂಡೊಯ್ದ ಅಯ್ಯಂಗಾರ್ ಕುಟುಂಬಗಳಲ್ಲಿ ಬಹುಮಂದಿ ನಮ್ಮ ಹಾಸನ ಜಿಲ್ಲೆಯವರು. ಆದುದರಿಂದ ಬೇಕರಿಯನ್ನು ಪೂರಾ ಹಳಿಯುವ ಧೈರ್ಯ ನನಗಿಲ್ಲ; ವಾರಕ್ಕೊಮ್ಮೆ ಸಾಕೆನ್ನುತ್ತೇನೆ.) ಎರಡು ರಾಗಿಮುದ್ದೆ, ಅವರೆಕಾಳಿನ ಸಾರು, ಒಂದು ಹಿಡಿ ಸೊಪ್ಪು ಇರುವ ಮನೆಯಲ್ಲಿ ಪೇಟೆಯ ಡಬ್ಬಿಯ ಪುಷ್ಟಿಪುಡಿಗಳಿಗೆ ಹಣ ಸುರಿಯುವುದು ನನಗೆ ಅರ್ಥವಾಗದ ಸಂಗತಿ.

ಇನ್ನು ಮನಸ್ಸಿನ ವಿಷಯ. ಉಪಾಧ್ಯಾಯಿನಿಯಾದ ನನಗೆ ಇದೇ ಹೆಚ್ಚು ಭಾರವಾಗಿ ತೋರುತ್ತದೆ. ಅನೇಕ ದೇಶಗಳ ಪರಿಶೋಧನೆಗಳನ್ನು ಒಟ್ಟುಗೂಡಿಸಿ ೨೦೧೦ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಸ್ಥೂಲಕಾಯರು ಮುಂದೆ ಖಿನ್ನತೆಗೆ ಬೀಳುವ ಸಂಭವವು ಇತರರಿಗಿಂತ ನೂರಕ್ಕೆ ೫೫ರಷ್ಟು ಹೆಚ್ಚು. ಖಿನ್ನರಾದವರು ಮುಂದೆ ಸ್ಥೂಲಕಾಯರಾಗುವ ಸಂಭವವು ನೂರಕ್ಕೆ ೫೮ರಷ್ಟು ಹೆಚ್ಚು. ದಾರಿ ಎರಡು ಕಡೆಗೂ ತೆರೆದಿದೆ. ದುಃಖಿತಳಾದ ಹುಡುಗಿ ತಿನ್ನುತ್ತಾಳೆ, ಮಲಗುತ್ತಾಳೆ, ಆಟಕ್ಕೆ ಇಳಿಯುವುದಿಲ್ಲ. ಅದರಿಂದ ದಪ್ಪಗಾದವಳನ್ನು ನಾವು ನಕ್ಕು ಮತ್ತಷ್ಟು ದುಃಖಿತಳನ್ನಾಗಿ ಮಾಡುತ್ತೇವೆ. ಡುಮ್ಮಿ, ಗುಂಡಮ್ಮ, ಆನೆಮರಿ ಎಂಬ ಹೆಸರುಗಳನ್ನು ಇಡುವವರು ತರಗತಿಯ ಗೆಳತಿಯರಿಗಿಂತ ಮುಂಚೆ ಮನೆಯ ಅಣ್ಣಂದಿರೂ ಚಿಕ್ಕಮ್ಮಂದಿರೂ ಆಗಿರುತ್ತಾರೆ. ಪ್ರೀತಿಯಿಂದಲೇ ಕರೆದೆವೆನ್ನುತ್ತಾರೆ. ಇವಳಿಗೆ ಯಾವ ಗಂಡು ಒಪ್ಪಿಯಾನು ಎಂದು ಹದಿನಾಲ್ಕು ವರ್ಷದವಳ ಎದುರಿಗೇ ಆಡುವ ಅಜ್ಜಿಯರೂ ಉಂಟು. ಆ ಮಾತು ಕೇಳಿದ ಹುಡುಗಿ ವಾರ್ಷಿಕೋತ್ಸವದ ನೃತ್ಯದಿಂದ ಹೆಸರು ತೆಗೆಸುತ್ತಾಳೆ. ಡ್ರಿಲ್ಲಿನ ದಿನ ಹೊಟ್ಟೆನೋವೆನ್ನುತ್ತಾಳೆ. ಊಟದ ಡಬ್ಬಿಯನ್ನು ಎಲ್ಲರೆದುರು ತೆರೆಯುವುದಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ೨೦೧೫–೧೬ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ ೧೩ರಿಂದ ೧೭ ವರ್ಷದ ಮಕ್ಕಳಲ್ಲಿ ನೂರಕ್ಕೆ ಏಳಕ್ಕಿಂತ ಹೆಚ್ಚು ಮಂದಿಗೆ ಯಾವುದಾದರೊಂದು ಮಾನಸಿಕ ತೊಂದರೆ ಕಂಡಿತ್ತು. ನಲವತ್ತೈದು ಮಂದಿಯ ಒಂದು ತರಗತಿಗೆ ಮೂವರೆಂದು ಎಣಿಸಿಕೊಳ್ಳಿರಿ.

ಪೋಷಕರಲ್ಲಿ ಒಂದು ಅರಿಕೆ. ಹುಡುಗಿಯ ತೂಕವು ಕೆಲವೇ ತಿಂಗಳಲ್ಲಿ ಏರಿ, ಜೊತೆಗೆ ಅವಳು ಮಂಕಾಗಿ, ನಿದ್ದೆಗಣ್ಣಾಗಿ, ಚಳಿ ಚಳಿ ಎನ್ನುತ್ತಿದ್ದರೆ, ಸೋಮಾರಿಯೆಂದು ಬಯ್ಯುವ ಮುನ್ನ ವೈದ್ಯರಿಗೆ ತೋರಿಸಿ ಥೈರಾಯ್ಡಿನ ಪರೀಕ್ಷೆ ಮಾಡಿಸಿರಿ. ಆ ಗ್ರಂಥಿಯ ಮಾಂದ್ಯವು ಮೈಯನ್ನೂ ಮನಸ್ಸನ್ನೂ ಒಟ್ಟಿಗೆ ಕೆಡಿಸುತ್ತದೆ. ಗುಳಿಗೆಯಿಂದ ಹತೋಟಿಗೆ ಬರುತ್ತದೆ. ಮುಟ್ಟು ತಿಂಗಳುಗಟ್ಟಲೆ ತಪ್ಪುತ್ತಿದ್ದರೂ ನಾಚಿಕೊಂಡು ಸುಮ್ಮನಿರಬಾರದು. ಮನಸ್ಸಿನ ತೊಳಲಾಟವನ್ನು ಯಾರಿಗೂ ಹೇಳಲಾರದವರಿಗೆ ಸರ್ಕಾರದ ಟೆಲಿ-ಮನಸ್ ಎಂಬ ದೂರವಾಣಿಯು ೨೦೨೨ರಿಂದ ಇದೆ. ಸಂಖ್ಯೆ ೧೪೪೧೬. ಕನ್ನಡದಲ್ಲಿಯೇ ಮಾತಾಡಬಹುದು, ಶುಲ್ಕವಿಲ್ಲ.

೨೦೨೫ರ ಮೇ ಜೂನ್ ತಿಂಗಳುಗಳಲ್ಲಿ ನಮ್ಮ ಜಿಲ್ಲೆಯಲ್ಲಿ ಕೆಲವರು ಎಳೆಯ ವಯಸ್ಸಿನಲ್ಲಿಯೇ ಹೃದಯಾಘಾತದಿಂದ ತೀರಿಕೊಂಡಾಗ ಎಷ್ಟು ಭಯ ಹಬ್ಬಿತೆಂಬುದನ್ನು ಎಲ್ಲರೂ ಬಲ್ಲೆವು. ಜನರು ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಾಗುವ ಮೊದಲೇ ಸಾಲುನಿಂತರು. ಸರ್ಕಾರದ ತಜ್ಞರ ಸಮಿತಿಯು, ಸಾವಿನ ಸಂಖ್ಯೆಯಲ್ಲಿ ಅಸಾಧಾರಣವಾದ ಏರಿಕೆಯಿಲ್ಲವೆಂದು ತಿಳಿಸಿ, ಸಕ್ಕರೆ ಕಾಯಿಲೆ, ರಕ್ತದ ಒತ್ತಡ, ಬೊಜ್ಜು, ಧೂಮಪಾನ ಮೊದಲಾದ ಹಳೆಯ ಶತ್ರುಗಳನ್ನೇ ಹೆಸರಿಸಿತು. ಸಾಲು ಕರಗಿತು. ಮೈದಾನಗಳು ಮಾತ್ರ ಮುಂಚಿನಂತೆಯೇ ಬರಿದಾಗಿವೆ.

ಹುಡುಗಿಯರ ಮಟ್ಟಿಗಂತೂ ಮೈದಾನವು ಹನ್ನೆರಡನೆಯ ವಯಸ್ಸಿಗೇ ಮುಚ್ಚಿಹೋಗುತ್ತದೆ. ಹೊಳೆನರಸೀಪುರದ ಕಡೆಯಿಂದಲೋ ಅರಕಲಗೂಡಿನ ಕಡೆಯಿಂದಲೋ ಬರುವ ಬಾಲಕಿಗೆ ಬೆಳಿಗ್ಗೆ ಬಸ್ಸು, ಹಗಲೆಲ್ಲ ಬೆಂಚು, ಸಂಜೆ ಟ್ಯೂಷನ್ನು, ರಾತ್ರಿ ಮೊಬೈಲು. ತಮ್ಮನು ಬೀದಿಯಲ್ಲಿ ಕ್ರಿಕೆಟ್ ಆಡುತ್ತಾನೆ. ಅಕ್ಕ ದೊಡ್ಡವಳಾದಳೆಂದು ಒಳಗಿರುತ್ತಾಳೆ. ವಿಶ್ವ ಆರೋಗ್ಯ ಸಂಸ್ಥೆಯು ಈ ವಯಸ್ಸಿನವರು ದಿನಕ್ಕೆ ಸರಾಸರಿ ಅರುವತ್ತು ನಿಮಿಷ ಮೈ ಬೆವರುವಂತೆ ಆಡಬೇಕೆನ್ನುತ್ತದೆ. ಅದೇ ಸಂಸ್ಥೆಯವರು ೨೦೧೯ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಜಗತ್ತಿನ ಹದಿಹರೆಯದ ಹುಡುಗಿಯರಲ್ಲಿ ನೂರಕ್ಕೆ ೮೫ ಮಂದಿ ಅಷ್ಟು ಆಡುತ್ತಿರಲಿಲ್ಲ. ಅನೇಕ ಬಾಲಕಿಯರಿಗೆ ಇಡೀ ವಾರದಲ್ಲಿ ಓಡುವ ಅವಕಾಶವಿರುವುದು ಶಾಲೆಯ ವ್ಯಾಯಾಮದ ಪೀರಿಯಡ್ಡಿನಲ್ಲಿ ಮಾತ್ರ. ಅದನ್ನೇ ಕಿತ್ತುಕೊಳ್ಳಬೇಕೆಂದು ಕೇಳುತ್ತಿದ್ದೀರಿ.

ನಾನು ಒಪ್ಪಿಲ್ಲ. ಹತ್ತನೆಯ ತರಗತಿಗೂ ಆ ಪೀರಿಯಡ್ಡು ಮಾರ್ಚಿ ತಿಂಗಳಿನವರೆಗೆ ನಡೆಯುತ್ತದೆ. ಅದರಿಂದ ಅಂಕಗಳು ನಷ್ಟವಾಗುವುವೆಂಬ ಭಯವಿದ್ದವರು ಇದನ್ನು ಕೇಳಿರಿ: ಅಮೆರಿಕದಲ್ಲಿ ೧೨೦ ಮಂದಿ ವೃದ್ಧರಲ್ಲಿ ಅರ್ಧ ಜನರನ್ನು ವಾರಕ್ಕೆ ಮೂರು ದಿನ ಒಂದು ವರ್ಷ ಕಾಲ ಚುರುಕಾಗಿ ನಡೆಸಿದಾಗ, ನೆನಪಿಗೆ ಮುಖ್ಯವಾದ ಮಿದುಳಿನ ಭಾಗವು ನೂರಕ್ಕೆ ಎರಡರಷ್ಟು ಬೆಳೆದುದಾಗಿ ೨೦೧೧ರಲ್ಲಿ ವರದಿಯಾಯಿತು. ಅಜ್ಜಅಜ್ಜಿಯರಿಗೆ ನಡಿಗೆ ಇಷ್ಟು ಮಾಡಬಲ್ಲುದಾದರೆ, ಬೆಳೆಯುವ ಮಿದುಳಿಗೆ ಅರ್ಧ ಗಂಟೆಯ ಥ್ರೋಬಾಲು ಕೇಡು ಮಾಡುವುದೆಂದು ನಂಬಲಾರೆನು. ಆಟವು ದಪ್ಪಗಿರುವವರಿಗೆ ವಿಧಿಸುವ ದಂಡನೆಯೂ ಅಲ್ಲ. ಮೈಸೂರಿನ ಪರಿಶೋಧಕರೇ ತೋರಿಸಿರುವಂತೆ ನಮ್ಮ ಶಿಶುಗಳು ತೂಕದಲ್ಲಿ ಸಣ್ಣವಾಗಿದ್ದರೂ ಚರ್ಮದಡಿಯ ಕೊಬ್ಬಿನಲ್ಲಿ ಸಣ್ಣವಲ್ಲ. ತೆಳ್ಳಗೆ ಕಾಣುವ ಹುಡುಗಿಗೂ ಸ್ನಾಯುವಿಗಿಂತ ಕೊಬ್ಬೇ ಹೆಚ್ಚಿರಬಹುದು. ಎಲ್ಲರೂ ಆಡಬೇಕು.

ಶಾಲೆಯಲ್ಲಿ ಇನ್ನು ಮುಂದೆ ತೂಕವನ್ನು ಸಾಲಿನಲ್ಲಿ ನಿಲ್ಲಿಸಿ ಕೂಗಿ ಹೇಳುವ ಪದ್ಧತಿ ಇರುವುದಿಲ್ಲ. ಒಬ್ಬೊಬ್ಬಳನ್ನೇ ಒಳಗೆ ಕರೆದು ನೋಡಿ, ಬೇಕಾದಲ್ಲಿ ತಾಯಿಗೆ ಮಾತ್ರ ಚೀಟಿ ಬರೆಯುತ್ತೇವೆ. ಅಡ್ಡಹೆಸರುಗಳನ್ನು ಉಪಾಧ್ಯಾಯಿನಿಯರೂ ಬಳಸುವುದಿಲ್ಲ.

ಪೂರ್ವವಿದ್ಯಾರ್ಥಿನಿಯರಿಗೆ ಒಂದು ಬಿನ್ನಹ. ಥ್ರೋಬಾಲಿನ ಬಲೆಯು ಮೂರು ಕಡೆ ಹರಿದು ಸುತ್ತಲಿದಾರದ ಹೊಲಿಗೆಯಲ್ಲಿ ನಿಂತಿದೆ. ರಿಂಗುಗಳು ನಾಲ್ಕು ಉಳಿದಿವೆ. ಬೂಟಿಲ್ಲದೆ ಬರಿಗಾಲಿನಲ್ಲಿ ಓಡುವವರು ಒಂಬತ್ತನೆಯ ತರಗತಿಯಲ್ಲಿಯೇ ಹನ್ನೊಂದು ಮಂದಿ. ಕೈಲಾದವರು ಇವುಗಳನ್ನು ಒದಗಿಸಿಕೊಡಬಹುದು. ಊರಿನಲ್ಲಿಯೇ ಇರುವವರು ಶನಿವಾರ ಶಾಲೆ ಬಿಟ್ಟ ಮೇಲೆ ಬಂದು ಹುಡುಗಿಯರೊಡನೆ ಒಂದು ತಾಸು ಆಡಿದರೆ ಇನ್ನೂ ಸಂತೋಷ. ಸೀರೆಯುಟ್ಟು ಬಂದರೂ ಅಡ್ಡಿಯಿಲ್ಲ.