ಮೊದಲ ಸೀಸನ್ ಮಾಡಿಟ್ಟ ಸಾಲ

ನಮ್ಮ ಲಾಸ್ ಆಲ್ಟೋಸ್ ಕಡೆ ನಾಲ್ಕು ಜನ ಕನ್ನಡಿಗರು ಊಟಕ್ಕೆ ಸೇರಿದರೆ ಮಾತು ಮೊದಲು ವೀಸಾ, ಆಮೇಲೆ ಮನೆ ಬಾಡಿಗೆ, ಆಮೇಲೆ ಊರಲ್ಲಿ ಮಳೆ ಆಯ್ತಾ ಇಲ್ವಾ. ಅದೆಲ್ಲ ಮುಗಿದ ಮೇಲೆ ಟೀವಿ. ಈ ತಿಂಗಳು ಮಾತ್ರ ಟೀವಿಯೇ ಮೊದಲು ಬಂದು ಕೂತುಬಿಟ್ಟಿತು. ಕಾರಣ ಎಚ್‌ಬಿಒದ 'ಟ್ರೂ ಡಿಟೆಕ್ಟಿವ್', ಅದರಲ್ಲೂ ಎರಡನೇ ಸೀಸನ್. 2015ರ ಸರಕು. ಹತ್ತು ವರ್ಷ ಆದ ಮೇಲೆ ನಾಲ್ಕೈದು ಮನೆಯವರು ಮತ್ತೆ ಹಾಕಿ ನೋಡಿದರು, ಎರಡು ಪಾರ್ಟಿ ಆದರು, ಇನ್ನೂ ರಾಜಿ ಆಗಿಲ್ಲ. ಹೀಗಾಗಿ ತೆರಿಗೆ ಫಾರಂ ಬಗ್ಗೆ ಬರೀಬೇಕಿದ್ದ ಈ ಅಂಕಣ ಕೊಲೆ ಕೇಸಿನ ಕಡೆ ಹೊರಳಿದೆ. ಫಾರಂ ಮುಂದಿನ ತಿಂಗಳು.

ನೋಡದೇ ಇರೋರಿಗೆ ಸ್ವಲ್ಪ ಹಿನ್ನೆಲೆ. ಮೊದಲ ಸೀಸನ್ ಬಂದದ್ದು 2014ರಲ್ಲಿ. ಲೂಸಿಯಾನದ ಜೌಗು ನೆಲ, ಇಬ್ಬರು ಪೊಲೀಸರು (ಮ್ಯಾಥ್ಯೂ ಮೆಕಾನಹೇ, ವುಡಿ ಹ್ಯಾರೆಲ್ಸನ್), ಒಂದು ಹಳೇ ಕೊಲೆ. ಬರೆದವರು ನಿಕ್ ಪಿಝೊಲಾಟೊ ಒಬ್ಬರೇ, ಎಂಟೂ ಭಾಗ ನಿರ್ದೇಶಿಸಿದ್ದು ಕ್ಯಾರಿ ಫುಕುನಾಗ ಒಬ್ಬರೇ. ಜನ ಹುಚ್ಚು ಹಿಡಿದೋರ ಹಾಗೆ ನೋಡಿದರು. ಮುಂದಿನ ವರ್ಷ ಜೂನ್‌ನಲ್ಲೇ ಎರಡನೆಯದು ಬಂತು. ಕಥೆ ಹೊಸದು, ನಟರು ಹೊಸಬರು, ಜಾಗ ನಮ್ಮ ಕ್ಯಾಲಿಫೋರ್ನಿಯಾ. ನಿರ್ದೇಶಕರು ಮಾತ್ರ ಒಬ್ಬರಲ್ಲ, ಹಲವರು. ವಿಂಚಿ ಅನ್ನೋ ಊರಿನ ಆಡಳಿತಾಧಿಕಾರಿ ಕ್ಯಾಸ್ಪಿಯರ್ ಕೊಲೆಯಾಗ್ತಾನೆ. ಮೂರು ಇಲಾಖೆಯ ಮೂವರು ಪೊಲೀಸರು (ಕಾಲಿನ್ ಫ್ಯಾರೆಲ್, ರೇಚಲ್ ಮೆಕ್‌ಆಡಮ್ಸ್, ಟೇಲರ್ ಕಿಚ್) ತನಿಖೆಗೆ ಇಳೀತಾರೆ. ನಡುವೆ ಫ್ರ್ಯಾಂಕ್ ಅನ್ನೋ ರೌಡಿ, ವಿನ್ಸ್ ವಾನ್ ಮಾಡಿರೋದು. ಇಲ್ಲಿಂದ ಮುಂದೆ ನಾವು ಕಥೆಯನ್ನೆಲ್ಲ ಬಿಟ್ಟುಕೊಡ್ತೀವಿ, ನೋಡಬೇಕು ಅನ್ನೋರು ಪುಟ ತಿರುಗಿಸಿ.

ದೂರು ಏನು ಅಂದರೆ, ಕಥೆ ಅರ್ಥ ಆಗೋದಿಲ್ಲ. ಮಂಡ್ಯ ಕಡೆಯ ಗೆಳೆಯರೊಬ್ಬರ ಮಾತು: "ಅಲ್ಲ ಗುರು, ಈ ಸ್ಟ್ಯಾನ್ ಅನ್ನೋನು ಯಾರು? ಸತ್ತೋದ ಅಂತ ಎಲ್ರೂ ಮುಖ ಸಪ್ಪಗೆ ಮಾಡ್ಕಂಡವ್ರೆ, ಬದುಕಿದ್ದಾಗ ಅವನನ್ನ ನೋಡಿದ್ದೇ ನೆಪ್ಪಿಲ್ವಲ್ಲ!" ನಿಜ. ಸ್ಟ್ಯಾನ್ ಫ್ರ್ಯಾಂಕನ ಹುಡುಗರಲ್ಲಿ ಒಬ್ಬ. ಮೂರನೇ ಭಾಗದಲ್ಲಿ ಸಾಯ್ತಾನೆ. ಆಮೇಲೆ ಫ್ರ್ಯಾಂಕ್ ಅವನ ಮನೆಗೆ ಹೋಗಿ ಮಗನಿಗೆ ಸಮಾಧಾನ ಹೇಳ್ತಾನೆ, ಚೆನ್ನಾಗಿಯೇ ಹೇಳ್ತಾನೆ. ಆದರೆ ನಮಗೆ ಸತ್ತವನ ಪರಿಚಯವೇ ಇಲ್ಲ. ಕೊಲೆ ಮಾಡಿದವರ ವಿಚಾರವೂ ಅಷ್ಟೆ. 1992ರ ಲಾಸ್ ಏಂಜಲೀಸ್ ಗಲಭೆಯಲ್ಲಿ ಅಪ್ಪ ಅಮ್ಮನನ್ನು ಕಳಕೊಂಡ ಅಣ್ಣ ತಂಗಿ ಅಂತ ಕೊನೆಗೆ ತಿಳಿಯುತ್ತೆ. ಅವರು ಅಷ್ಟು ಹೊತ್ತು ಪರದೆಯ ಮೂಲೆಯಲ್ಲಿ ಸುಮ್ಮನೆ ಓಡಾಡಿಕೊಂಡಿದ್ದೋರು.

ಧಾರವಾಡದ ಅಕ್ಕೋರೊಬ್ಬರು ಇನ್ನೂ ಖಡಕ್ಕು: "ಸೀತಾರಾಮ್ ಅವ್ರ ಸೀರಿಯಲ್ಲಿನ್ಯಾಗ ಕೋರ್ಟ್ ಸೀನ್ ಬಂತಂದ್ರ ಯಾರು ಯಾರಿಗೆ ಏನಾಗಬೇಕು ಅಂತ ಸಣ್ಣ ಹುಡುಗ್ರಿಗೂ ಗೊತ್ತಿರ್ತಿತ್ರೀ. ಇದಕ್ಕ ಒಂದ್ ನಕಾಶೆ ಬೇಕು." ಟಿ.ಎನ್. ಸೀತಾರಾಮ್ ಅವರ 'ಮಾಯಾಮೃಗ' 1998ರಲ್ಲಿ ಚಂದನದಲ್ಲಿ ಬಂದಾಗಿಂದ, ಆಮೇಲೆ 'ಮುಕ್ತ'ದಲ್ಲಿ ಸಿಎಸ್‌ಪಿ ವಕೀಲರು ಪಾಟೀಸವಾಲಿಗೆ ಎದ್ದು ನಿಂತಾಗಿನವರೆಗೂ ನಾವು ನೋಡಿದೀವಿ, ಅಕ್ಕೋರ ಮಾತು ತೆಗೆದುಹಾಕೋ ಹಾಗಿಲ್ಲ. ಆದರೆ ಒಂದು ವ್ಯತ್ಯಾಸ. ದಿನಾ ಬರೋ ಧಾರಾವಾಹಿಗೆ ತಿಂಗಳುಗಟ್ಟಲೆ ಸಮಯ ಇರುತ್ತೆ. ಪಾತ್ರಗಳು ನಮ್ಮ ಬೀದಿಯೋರೇ ಆಗಿಬಿಟ್ಟಿರ್ತಾರೆ. ಎಂಟು ಭಾಗದ ಕಥೆಗೆ ಸಿಗೋದು ಎಂಟೊಂಬತ್ತು ಗಂಟೆ. ಅಷ್ಟರಲ್ಲಿ ನಾಲ್ಕು ಮುಖ್ಯ ಪಾತ್ರ, ಒಂದು ಊರಿನ ಲಂಚಾವತಾರ, ರೈಲು, ವಜ್ರ, ಗಲಭೆ. ಬಸ್ಸಿನಲ್ಲಿ ಸೀಟಿಗಿಂತ ಟಿಕೆಟ್ ಜಾಸ್ತಿ ಹರಿದಿದಾರೆ.

ಇಷ್ಟು ಒಪ್ಪಿಕೊಂಡೂ ನಾವು ಎರಡನೇ ಸೀಸನ್ ಪಾರ್ಟಿ. ಯಾಕೆ ಅಂದರೆ ಇದು ಕೊಲೆಯ ಕಥೆ ಅಲ್ಲ, ಲೆಕ್ಕದ ಕಥೆ. ಬಿಕಾಂ ಓದಿದೋರಿಗೆ ಅದು ಎರಡನೇ ಭಾಗದ ಹೊತ್ತಿಗೇ ಹೊಳೆಯುತ್ತೆ. ರೈಲು ಎಲ್ಲಿ ಹೋಗುತ್ತೆ ಅಂತ ಮೊದಲೇ ಗೊತ್ತಿರೋ ನಾಲ್ಕು ಜನ ಆ ದಾರಿಯ ಹೊಲ ಕೊಳ್ಳಬೇಕು. ರೈತ ಅಗ್ಗಕ್ಕೆ ಕೊಡಬೇಕಲ್ಲ, ಅದಕ್ಕೆ ಮಣ್ಣಿಗೇ ವಿಷ ಹಾಕಿಸ್ತಾರೆ. ಸರ್ಕಾರದ ದುಡ್ಡು ಬಂದಾಗ ಅದೇ ನೆಲಕ್ಕೆ ಚಿನ್ನದ ಬೆಲೆ.

ಕಟ್ಟುಕಥೆ ಅನ್ನಬೇಡಿ. ಹೈಸ್ಪೀಡ್ ರೈಲಿಗೆ 995 ಕೋಟಿ ಡಾಲರ್ ಸಾಲ ಎತ್ತೋದಕ್ಕೆ ಈ ರಾಜ್ಯದ ಜನ 2008ರ ನವೆಂಬರ್‌ನಲ್ಲಿ ವೋಟು ಹಾಕಿದ್ದರು. 2015ರ ಜನವರಿಯಲ್ಲಿ ಫ್ರೆಸ್ನೊದಲ್ಲಿ ಭೂಮಿಪೂಜೆ ಆಯಿತು, ಜೂನ್‌ನಲ್ಲಿ ಸೀರಿಯಲ್ ಬಂತು. ಆ ರೈಲಿನ ನಕ್ಷೆ ನಮ್ಮ ಪಕ್ಕದ ಕ್ಯಾಲ್‌ಟ್ರೇನ್ ಹಳಿಯ ಮೇಲೇ ಹಾದುಹೋಗುತ್ತೆ. ಆಥರ್ಟನ್, ಮೆನ್ಲೋ ಪಾರ್ಕ್ ಊರುಗಳು ಅದಕ್ಕೇ ಕೋರ್ಟು ಹತ್ತಿದ್ದು. ಲಾಸ್ ಆಲ್ಟೋಸ್ ಊರು ಹುಟ್ಟಿದ್ದಾದರೂ ಹೇಗೆ? 1906ರ ಸುಮಾರಿಗೆ ಸದರ್ನ್ ಪೆಸಿಫಿಕ್ ರೈಲು ಕಂಪನಿಯ ದೊಡ್ಡ ಅಧಿಕಾರಿ ಪಾಲ್ ಶೂಪ್ ತನ್ನ ಜೊತೆಯವರನ್ನು ಕಟ್ಟಿಕೊಂಡು ಆಲ್ಟೋಸ್ ಲ್ಯಾಂಡ್ ಕಂಪನಿ ಮಾಡಿ, ಸ್ಯಾರಾ ವಿಂಚೆಸ್ಟರ್ ಅವರ ಜಮೀನು ಕೊಂಡು ಸೈಟು ಹಾಕಿದ. 1908ರಲ್ಲಿ ರೈಲು ಬಂತು. ಕೊಲೆ ಒಂದು ಇಲ್ಲ, ಉಳಿದದ್ದು ಅದೇ ಪ್ಲಾಟು, ಎರಡೂ ಅರ್ಥದಲ್ಲಿ! 1964ರಲ್ಲಿ ರೈಲು ನಿಂತು, ಆ ಹಳಿಯ ಜಾಗವೇ ಈಗ ನಾವು ದಿನಾ ಕಾರು ಓಡಿಸೋ ಫುಟ್‌ಹಿಲ್ ಎಕ್ಸ್‌ಪ್ರೆಸ್‌ವೇ.

ವಿಂಚಿಗೂ ಅಸಲು ಊರೊಂದಿದೆ, ಲಾಸ್ ಏಂಜಲೀಸ್ ಪಕ್ಕದ ವರ್ನನ್. 2010ರ ಜನಗಣತಿಯಲ್ಲಿ ಅಲ್ಲಿ ವಾಸ ಇದ್ದವರು 112 ಜನ. ಪೂರ್ತಿ ಕಾರ್ಖಾನೆಗಳು. ಬೆಳಿಗ್ಗೆ ಹತ್ತಾರು ಸಾವಿರ ಜನ ಕೆಲಸಕ್ಕೆ ಬಂದು ಸಂಜೆ ವಾಪಸ್ ಹೋಗ್ತಾರೆ. ಊರಿನ ಆಡಳಿತಾಧಿಕಾರಿ ಆಗಿದ್ದವರೊಬ್ಬರು ಸಾರ್ವಜನಿಕ ಹಣ ದುರುಪಯೋಗ ಮಾಡಿದ್ದನ್ನು 2011ರಲ್ಲಿ ಕೋರ್ಟಿನಲ್ಲಿ ಒಪ್ಪಿಕೊಂಡರು. ಊರನ್ನೇ ರದ್ದು ಮಾಡೋಣ ಅಂತ ಅದೇ ವರ್ಷ ಶಾಸನಸಭೆಯಲ್ಲಿ ಮಸೂದೆಯೂ ಬಂತು, ಪಾಸಾಗಲಿಲ್ಲ. ದುಡಿಯೋರು ಹತ್ತಾರು ಸಾವಿರ, ವೋಟು ಇರೋರು ನೂರು ಚಿಲ್ಲರೆ. ವೀಸಾ ಮೇಲೆ ಬಂದು ತೆರಿಗೆ ಕಟ್ಟಿ, ವೋಟಿನ ದಿನ ಮನೇಲಿ ಕೂರೋ ನಾವೂ, ಕೊಲ್ಲಿ ದೇಶಗಳಲ್ಲಿ ಇಪ್ಪತ್ತು ವರ್ಷ ದುಡಿದ ನಮ್ಮ ಓದುಗರೂ ಈ ಊರನ್ನು ಗುರುತು ಹಿಡಿಯೋದಕ್ಕೆ ನಕಾಶೆ ಬೇಕಿಲ್ಲ.

ಇನ್ನು ಫ್ರ್ಯಾಂಕ್. ರೌಡಿತನ ಬಿಟ್ಟು ಮರ್ಯಾದಸ್ಥ ಆಗಬೇಕು ಅಂತ ಇದ್ದಬದ್ದ ದುಡ್ಡನ್ನೆಲ್ಲ ಜಮೀನಿಗೆ ಅಂತ ಕ್ಯಾಸ್ಪಿಯರ್ ಕೈಗೆ ಕೊಟ್ಟಿರ್ತಾನೆ. ಕ್ಯಾಸ್ಪಿಯರ್ ಸತ್ತ. ಜಮೀನು ಫ್ರ್ಯಾಂಕನ ಹೆಸರಿಗೆ ಆಗೇ ಇಲ್ಲ. ಕಾಗದ ಕೇಳೋಕೆ ಹೋದರೆ "ಯಾವ ದುಡ್ಡು?" ಅಂತಾರೆ. ಇದನ್ನು ನೋಡಿ ನಮಗೆ ನಿದ್ದೆ ಹತ್ತಲಿಲ್ಲ. ನಮ್ಮ ಟೇಬಲ್ ಮೇಲೆ ವರ್ಷಕ್ಕೆ ಎರಡು ಮೂರು ಫ್ರ್ಯಾಂಕ್ ಕೇಸು ಬರುತ್ವೆ. ಬಂದೂಕು ಇರೋಲ್ಲ, ಭಾವಮೈದ ಇರ್ತಾನೆ. ಬೆಂಗಳೂರಿನ ಹೊರಗೆ ರಿಂಗ್ ರೋಡ್ ಬರುತ್ತೆ ಅಂತ ದುಡ್ಡು ಕಳಿಸಿದೋರು, ಜಿಪಿಎ ಒಂದನ್ನೇ ಕ್ರಯಪತ್ರ ಅಂದುಕೊಂಡೋರು. ಜಿಪಿಎ ಮೂಲಕ ಮಾಡಿದ ಮಾರಾಟದಿಂದ ಆಸ್ತಿಯ ಹಕ್ಕು ಬರಲ್ಲ ಅಂತ ಸುಪ್ರೀಂ ಕೋರ್ಟ್ 2011ರ ಅಕ್ಟೋಬರ್‌ನಲ್ಲೇ ಸೂರಜ್ ಲ್ಯಾಂಪ್ ಕೇಸಿನಲ್ಲಿ ಹೇಳಿಯಾಗಿದೆ. ಕೃಷಿಕರಲ್ಲದವರೂ ಹೊಲ ಕೊಳ್ಳಬಹುದು ಅಂತ ಕರ್ನಾಟಕ 2020ರಲ್ಲಿ 79ಎ, 79ಬಿ ಕಲಂ ತೆಗೆದದ್ದೂ ಎನ್‌ಆರ್‌ಐಗಳಿಗೆ ಬಾಗಿಲು ತೆರೆಯಲಿಲ್ಲ. ಫೆಮಾ ಪ್ರಕಾರ ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ನಾವು ಕೊಳ್ಳೋ ಹಾಗಿಲ್ಲ. ಪಿತ್ರಾರ್ಜಿತವಾಗಿ ಬಂದರೆ ಬೇರೆ ಮಾತು. ಪೆರಿಫೆರಲ್ ರಿಂಗ್ ರಸ್ತೆಗೆ 2007ರಲ್ಲಿ ಅಂತಿಮ ಅಧಿಸೂಚನೆ ಆಗಿ, ಆ ದಾರಿಯ ರೈತರು ಮಾರಲೂ ಆಗದೆ ಕಟ್ಟಲೂ ಆಗದೆ ವರ್ಷಗಟ್ಟಲೆ ಕೂತದ್ದನ್ನು ಕಂಡೋರಿಗೆ ವಿಂಚಿಯ ಕಥೆ ಗೋಜಲು ಅನ್ನಿಸೋದೇ ಇಲ್ಲ.

ಹಾಗಾದರೆ ಸೀಸನ್ ಎಲ್ಲಿ ಎಡವಿತು? ಗಡಿಬಿಡಿಯಲ್ಲಿ. ಅದನ್ನು ಎಚ್‌ಬಿಒದಲ್ಲಿ ಆಗ ಕಾರ್ಯಕ್ರಮಗಳ ಮುಖ್ಯಸ್ಥರಾಗಿದ್ದ ಮೈಕೇಲ್ ಲೊಂಬಾರ್ಡೊ ಅವರೇ 2016ರ ಆರಂಭದಲ್ಲಿ ಒಪ್ಪಿಕೊಂಡರು. ಮೊದಲನೆಯದು ಗೆದ್ದ ಕೂಡಲೇ ಮುಂದಿನ ವರ್ಷಕ್ಕೇ ಇನ್ನೊಂದು ಬೇಕು ಅಂತ ಪಿಝೊಲಾಟೊ ಅವರನ್ನು ದೂಡಿದ್ದು ತಾವೇ ಅಂದರು. ಮೇಲಿನೋರು ಹೀಗೆ ಬಾಯಿಬಿಟ್ಟು ಹೇಳೋದು ಅಪರೂಪ. ರಿಲೀಸ್ ಡೇಟ್ ಮೊದಲು ಗೋಡೆಗೆ ಅಂಟಿಸಿ, ಆಮೇಲೆ ಕೆಲಸ ಎಷ್ಟಿದೆ ಅಂತ ಎಣಿಸೋ ಆಫೀಸಿನಲ್ಲಿ ಇರೋರಿಗೆ ಇದರ ಒಳಗುಟ್ಟು ಬಿಡಿಸಿ ಹೇಳಬೇಕಿಲ್ಲ. ಬಗ್ ಬಂದಾಗ ಬೈಸಿಕೊಂಡದ್ದು ಮಾತ್ರ ಬರೆದವನು, ನಟಿಸಿದವರು.

ಲೆಕ್ಕದ ಪುಸ್ತಕದಲ್ಲಿ ಗುಡ್‌ವಿಲ್ ಅಂತ ಒಂದು ಖಾತೆ ಇರುತ್ತೆ. ಕಣ್ಣಿಗೆ ಕಾಣಲ್ಲ, ಮುಟ್ಟೋಕೆ ಆಗಲ್ಲ, ಆದರೂ ಆಸ್ತಿ. ಮೊದಲ ಸೀಸನ್ ಅದನ್ನು ಬೆಟ್ಟದಷ್ಟು ಗಳಿಸಿಟ್ಟಿತು. ನೋಡುವವರು ಅದನ್ನೇ ಸಾಲ ಅಂತ ಬರಕೊಂಡು ಎರಡನೆಯದರ ಹತ್ತಿರ ವಸೂಲಿಗೆ ನಿಂತರು. ಈ ಎಂಟು ಭಾಗ ಬೇರೆ ಹೆಸರಲ್ಲಿ ಬಂದಿದ್ದರೆ ಬೈಗುಳ ಅರ್ಧ ಕಮ್ಮಿ ಇರುತ್ತಿತ್ತು ಅನ್ನೋದು ನಮ್ಮ ವಾದ. ನಾಲ್ಕನೇ ಭಾಗದ ಗುಂಡಿನ ಚಕಮಕಿ ಚೆನ್ನಾಗಿಲ್ಲ ಅಂತ ವಿರೋಧ ಪಾರ್ಟಿಯೂ ಹೇಳಲಿಲ್ಲ. ಫ್ಯಾರೆಲ್ ಮಾಡಿದ ರೇ ಪಾತ್ರದ ಬಗ್ಗೆಯೂ ತಕರಾರಿಲ್ಲ. ಕೊನೆಯಲ್ಲಿ ರೇ ಕಾಡಿನಲ್ಲಿ ಓಡ್ತಾ ಮಗನಿಗೆ ಅಂತ ಫೋನಿನಲ್ಲಿ ನಾಲ್ಕು ಮಾತು ರೆಕಾರ್ಡ್ ಮಾಡ್ತಾನೆ. ಸಿಗ್ನಲ್ ಇಲ್ಲ. ಅವನು ಸಾಯ್ತಾನೆ, ಮೆಸೇಜ್ ಹೋಗೋದೇ ಇಲ್ಲ. ಆ ಹೊತ್ತಿಗೆ ಮಂಡ್ಯದ ಗೆಳೆಯರು ನೀರು ಕುಡಿಯೋ ನೆಪದಲ್ಲಿ ಅಡಿಗೆಮನೆಗೆ ಎದ್ದು ಹೋದರು. ಅವರ ಮಗ ಊರಲ್ಲಿ ಅಜ್ಜಿ ಹತ್ತಿರ ಇದ್ದು ಓದ್ತಿದಾನೆ. ವಾಪಸ್ ಬಂದು ಕೂತು, "ಆದರೂ ಕಥೆ ಗೋಜಲು" ಅಂದರು.

ಆಮೇಲೆ 2019ರಲ್ಲಿ ಮೂರನೆಯದು ಬಂತು, ಮಹೇರ್ಶಲಾ ಅಲಿ ಇದ್ದದ್ದು, ಎಲ್ಲರಿಗೂ ಸಮಾಧಾನ. 2024ರ ನಾಲ್ಕನೆಯದು ಅಲಾಸ್ಕಾದ ಕತ್ತಲಲ್ಲಿ, ಜೋಡಿ ಫಾಸ್ಟರ್, ಆರೇ ಭಾಗ. ಅದರ ಜಗಳ ಇನ್ನೂ ಹಸಿ ಇದೆ, ಇಲ್ಲಿ ಕೈ ಹಾಕೋಲ್ಲ.

ಎರಡನೆಯದನ್ನು ನೋಡೋರು ದಿನಕ್ಕೆ ಒಂದೇ ಭಾಗ ನೋಡಿ, ರಾತ್ರಿ ಪಾಳಿ ಮುಗಿಸಿ ಬಂದು ನಿದ್ದೆಗಣ್ಣಲ್ಲಿ ಬೇಡ. ಕೊನೆಯ ಭಾಗ ಹತ್ತಿರ ಹತ್ತಿರ ಒಂದೂವರೆ ಗಂಟೆ, ಅದನ್ನು ಶನಿವಾರಕ್ಕೆ ಇಟ್ಟುಕೊಳ್ಳಿ. ಮೊದಲೆರಡು ಭಾಗದಲ್ಲಿ ಸ್ಟ್ಯಾನ್ ಯಾರು ಅಂತ ಗುರುತು ಹಿಡಿದೋರು ನಮಗೆ ಎರಡು ಸಾಲು ಬರೆದು ತಿಳಿಸಿ. ಮಂಡ್ಯದವರಿಗೆ ತೋರಿಸಬೇಕಾಗಿದೆ.